ಎಲ್ಲಿ ಹೋಯಿತು ಒಂದು ಕಿಲೋ

ಔಷಧಿ ಕವರಿನಲ್ಲಿ ತಂದಿದ್ದರು ಬೊಳ್ಳವ್ವ ಸಿಸ್ಟರ್:
ಎರಡು ಸ್ಪ್ರಿಂಗು, ಬಾಗಿಲ್ಲದ ಚಪ್ಪಟೆ ಟ್ರಿಗರ್ ಒಂದು,
ಎಳ್ಳಿನಷ್ಟು ಸ್ಕ್ರೂ.
ಊಟಕ್ಕೆ ಮುಂಚೆಯೋ, ಆಮೇಲೋ, ಎಂದೆ.
ನಗಲಿಲ್ಲ. ಬಲಗೈ ತೋರುಬೆರಳನ್ನು ಮೇಜಿನ ಮೇಲಿಟ್ಟರು.
ಗಿಣ್ಣು ಊದಿ ಶುಂಠಿಯಾಗಿತ್ತು.
'ಎಳೆಯಲಾಗುತ್ತಿಲ್ಲ ಬಿದ್ದಪ್ಪ. ಹುತ್ತರಿ ಕಳೆದರೆ ಗೋಣಿಕೊಪ್ಪದಲ್ಲಿ ಸ್ಪರ್ಧೆ,
ಅರುವತ್ತು ದಾಟಿದವರ ಗುಂಪು. ಹಗುರ ಮಾಡಿಕೊಡು.'

ಪೊನ್ನಂಪೇಟೆಯಲ್ಲಿ ಸೈಕಲ್ ಶಾಪಿಗೆ ಅಂಟಿದ
ಎಂಟಡಿ ಅಂಗಡಿ ನನ್ನದು.
ಫೌಜಿನಲ್ಲಿ ಇಪ್ಪತ್ತೆರಡು ವರ್ಷ
ಬೇರೆಯವರ ಬಂದೂಕು ಬಿಚ್ಚಿ ಕಟ್ಟಿದವ,
ಸಿಟ್ಟಿನಿಂದ ಒಂದನ್ನೂ ಹಾರಿಸದವ.
ಗೋಡೆಯಲ್ಲಿ ಲೈಸೆನ್ಸು, ಪಕ್ಕದ ಮೊಳೆಗೆ
ಮೀನು ತೂಗುವ ಕೊಕ್ಕೆ ತಕ್ಕಡಿ.

ಖಾಲಿಯೇ ಎಂದು ಎರಡು ಸಲ ನೋಡಿ
ಕೊಕ್ಕೆಯನ್ನು ಟ್ರಿಗರಿಗೆ ಸಿಕ್ಕಿಸಿ ಎಳೆದೆ.
ಎರಡೂವರೆ ಕಿಲೋ.
ಅದರಲ್ಲೂ ನಡುದಾರಿಯಲ್ಲಿ ಒಂದು ಕಡೆ
ಅನ್ನದಲ್ಲಿ ಕಲ್ಲು ಸಿಕ್ಕಂತೆ, ಕರ್ರ್.
ಇಷ್ಟು ವರ್ಷವೂ ಅಲ್ಲೇ ಉಸಿರು ಹಿಡಿಯುತ್ತಿದ್ದರಂತೆ ಸಿಸ್ಟರ್.

ಬಿಚ್ಚಿದೆ, ಒರೆಸಿದೆ, ಹೊಸತನ್ನು ಕೂರಿಸಿದೆ.
ಒಂದೂವರೆ, ಎಂದಿತು ತಕ್ಕಡಿ.
ಎಳೆ ಬೀನ್ಸ್ ಮುರಿದ ಹಾಗೆ ಲಟಕ್.
ಬೆರಳು ಇಷ್ಟೇ ಇಷ್ಟು ಸಡಿಲಿಸಿದರೆ ಟಿಕ್,
ಆಗಲೇ ಮತ್ತೆ ತಯಾರು,
ಮಾವನ ಮಾತು ಮುಗಿಯುವ ಮುಂಚೆ
ಹೂಂ ಎನ್ನುವ ಹೊಸ ಅಳಿಯ.

ಕೊಯ್ಲಾದ ಗದ್ದೆ. ಕೆಮ್ಮಣ್ಣಿನ ದಿಬ್ಬಕ್ಕೆ ರಟ್ಟು ಒರಗಿಸಿ
ಹಿಂದೆ ಬಂದು ನಿಂತೆ.
ಮೊದಲ ಗುಂಡು ರಟ್ಟನ್ನೇ ಮುಟ್ಟಲಿಲ್ಲ.
ಅವರಿನ್ನೂ ಕೈ ಎತ್ತುತ್ತಿದ್ದರು,
ಅದು ಹೊರಟೇ ಹೋಗಿತ್ತು.
'ನಾನು ಹೇಳಲೇ ಇಲ್ಲವಲ್ಲ' ಎಂದರು
ಪಿಸ್ತೂಲಿಗೋ, ಬೆರಳಿಗೋ.

ಆಮೇಲೆ, ಕೂದಲು ಕಿವಿಯ ಹಿಂದೆ ಸರಿಸಿ:
'ನಾನು ಅಮ್ಮತ್ತಿಯಲ್ಲಿ ಕೆಲಸಕ್ಕೆ ಸೇರಿದಾಗ ಗಾಜಿನ ಸಿರಿಂಜು.
ಕುದಿಸಿ ಕುದಿಸಿ ಸೂಜಿ ಮೊಂಡು.
ಒತ್ತಬೇಕು, ಚರ್ಮ ತಡೆಯುತ್ತದೆ,
ಆ ತಡೆಯಲ್ಲೇ ಗೊತ್ತಾಗುತ್ತಿತ್ತು ನರ ಎಲ್ಲಿದೆ ಎಂದು.
ಒಂದು ದಿನ ಬಂತು ಬಳಸಿ ಎಸೆಯುವ ಸೂಜಿ, ಬೆಣ್ಣೆಗೆ ಇಳಿದ ಹಾಗೆ.
ಮೊದಲ ವಾರ ನಾವೆಲ್ಲ
ನರ ದಾಟಿ ಆಚೆ ಚುಚ್ಚಿದೆವು.
ಸೂಜಿಯದೇನು ತಪ್ಪು?
ಕೈಗೆ ಮೊಂಡಿನ ನೆನಪು.'

ಎರಡು, ಮೂರು: ರಟ್ಟಿನ ನಡುವೆ, ಒಂದರ ತುಟಿಗೆ ಒಂದು.
ನಾಲ್ಕನೆಯದು ಬರೀ ಟಪ್.
ಮೂತಿ ದಿಬ್ಬಕ್ಕೇ ಇಟ್ಟು ಮೂವತ್ತು ಎಣಿಸಿದೆವು.
ಮಡಿವಾಳ ಹಕ್ಕಿಯೊಂದು ನಮ್ಮ ಜತೆ ಎಣಿಸಿತು.
ಹೊರತೆಗೆದು ಬೆಳಕಿಗೆ ಹಿಡಿದೆ.
ಹಿಂಬದಿಯ ಟೊಪ್ಪಿಯಲ್ಲಿ ಉಗುರು ತಾಗಿದಷ್ಟೇ ಕುಳಿ.
ಅವರು ತರುವ ಗುಂಡಿನ ಟೊಪ್ಪಿ ಗಟ್ಟಿ,
ನಾನು ಮೆತ್ತಗೆ ಮಾಡಿದ್ದು ಕುದುರೆಯ ಒದೆತವನ್ನೇ.

ರಾತ್ರಿ ಲೆಕ್ಕ ಹಾಕಿದೆ, ಎಲ್ಲಿ ಹೋಯಿತು ಒಂದು ಕಿಲೋ?
ಸ್ವಲ್ಪ ಕುದುರೆಯ ಕಾಲಿನಿಂದ ಹೋಗಿದೆ, ಸರಿ.
ಉಳಿದದ್ದು?
ಬೇಡ ಎನ್ನಲು ಬೆರಳಿಗಿದ್ದ ಸಮಯ ಅದು.
ಈಗ ಅಷ್ಟನ್ನೂ ತಲೆಯೇ ಹೊರಬೇಕು,
ತಲೆಯನ್ನು ತೂಗುವ ಕೊಕ್ಕೆ ನನ್ನಲ್ಲಿಲ್ಲ.

ಬೆಳಿಗ್ಗೆ ಕುದುರೆಗೆ ಅದರ ಹಳೇ ಸ್ಪ್ರಿಂಗು ವಾಪಸ್.
ಚಪ್ಪಟೆ ಟ್ರಿಗರ್ ಇರಲಿ, ಊದಿದ ಗಿಣ್ಣಿಗೆ ಅದೇ ಹಿತ.
ಎರಡಕ್ಕೆ ಕೊಂಚ ಮೇಲೆ.
ಹತ್ತು ಹೊಡೆದರು, ಹತ್ತೂ ಹಾರಿತು,
ಏಳು ನಡುವೆ, ಮೂರು ಅಲ್ಲಿ ಇಲ್ಲಿ.
'ಆ ಕಲ್ಲು ಸಿಗುತ್ತಿಲ್ಲ' ಎಂದರು.
ಅದನ್ನು ವಾಪಸ್ ಹಾಕಲು ಬರುವುದಿಲ್ಲ ಸಿಸ್ಟರ್.
ಇಪ್ಪತ್ತು ವರ್ಷ ಬೇಕು.

ದುಡ್ಡು ಕೊಟ್ಟು, ಚೀಟಿ ಕೇಳಿ ಪಡೆದು
ಬಾಡಿಗೆ ಜೀಪು ಹತ್ತಿದರು.
ಗಾಜಿನಾಚೆ ಕಂಡಿತು, ಮಡಿಲಿನ ಮೇಲೆ ಬೆರಳು
ಮಡಚುತ್ತ, ನಿಲ್ಲುತ್ತ, ಮತ್ತೆ ಮಡಚುತ್ತ
ಕತ್ತಲಲ್ಲಿ ಮೆಟ್ಟಿಲು ತಡಕುವವರ ಹಾಗೆ.